ನಾಯಿ ನೆವ ಸಾಕ್ರಿ ಇನ್ನ

ಮುಂಜಾನೆ ಪಾವಣೆ ಆರಕ್ಕ ನಾ ಸೈಕಲ್ ಹೊರಗ ತಗೀತೀನಿ. ಎದುರು ಮನಿ ಕಾಕು ಅಷ್ಟೊತ್ತಿಗೆ ಅಂಗಳಕ್ಕ ನೀರು ಹೊಡೀತಿರ್ತಾರ. "ಎಲ್ಲಿಗವಾ ಇಷ್ಟ ಲಗೂನ?" ಅಂತ ದಿನಾ ಕೇಳ್ತಾರ. ನಾನೂ ದಿನಾ ಅದ ಉತ್ತರ ಕೊಡ್ತಿದ್ದೆ: "ಎಲ್ಲೀ ಇಲ್ರಿ ಕಾಕು, ಈ ನಾಯಿ ಅಡ್ಡಾಡಿಸ್ಕೊಂಡು ಬರ್ತೀನಿ." ಕಾಕು ಹೂಂ ಅಂದು ರಂಗೋಲಿಗೆ ಕೂಡ್ತಿದ್ರು. ನಾಯಿ ಅಂದಮ್ಯಾಲೆ ಮುಂದ ಪ್ರಶ್ನೆನ ಇಲ್ಲ.

ವರ್ಷದ ಮ್ಯಾಲೆ ನಾ ಹೇಳಿದ ಆ ಮಾತು ಪೂರಾ ಖರೆ ಅಲ್ಲ. ನಾಯಿ ನನ್ನ ಸಂಗಾಟ ಬರ್ತಿತ್ತು, ಅದು ಖರೆ. ಆದ್ರ ನಾ ಹೋಗ್ತಿದ್ದದ್ದು ನನ್ನ ಸಲುವಾಗಿ. ಅದನ್ನ ಇವತ್ತು ನಿಮ್ಮ ಮುಂದ ಒಪ್ಪಿಕೊಂಡು, ಒಂದು ಮಾತು ಹೇಳಬೇಕಂತ ಕುಂತೀನಿ. ಅಕ್ಕಾರ, ವೈನ್ಯಾರ, ಒಂದು ತಾಸು ಮನಿ ಬಿಟ್ಟು ಹೊರಗ ಹೋಗಾಕ ನಾವು ನೆವ ಹುಡುಕೂದು ಬಿಡಬೇಕು. ಯಾಕಂತ ಹೇಳ್ತೀನಿ ಕೇಳ್ರಿ.

ಮೊದಲ ಸೈಕಲ್ ಕಥಿ. 2022ರೊಳಗ ನಮ್ಮ ಗದಗಿನ ಬಿಂಕದಕಟ್ಟಿ ಹತ್ರ ರಾಷ್ಟ್ರಮಟ್ಟದ ಮೌಂಟೇನ್ ಬೈಕ್ ಸ್ಪರ್ಧೆ ಆತಲ್ರಿ, ಮಗ ಆಗ ಹತ್ತನೇತ್ತೆ. ಅಂವನ ಹಟಕ್ಕ ನೋಡಾಕ ಹೋಗಿದ್ವಿ. ಬೈಕ್ ಅಂದ್ರ ಮೋಟಾರ್ ಗಾಡಿ ಅಂತ ನಾ ತಿಳ್ಕೊಂಡಿದ್ದೆ. ಹೋಗಿ ನೋಡಿದ್ರ ಸೈಕಲ್ಲ! ಎರಡು ಬಟ್ಟಿಗಿಂತ ದಪ್ಪ ಟೈರು, ಮುಂದ ಶಾಕಪ್, ಡಿಸ್ಕ್ ಬ್ರೇಕು, ಗೇರು. ರಸ್ತೆ ಬಿಟ್ಟು ಕಲ್ಲು, ದಿಬ್ಬ, ಕೊರಕಲಿನ್ಯಾಗ ಹೊಡೀತಾರ. ಹುಡುಗ್ಯಾರೂ ಇದ್ರು. ಒಬ್ಬಾಕಿ ಮೈತುಂಬ ಕೆಮ್ಮಣ್ಣು ಮಾಡ್ಕೊಂಡು ಇಳುಕಲದಾಗ ದಡದಡ ಇಳದು ಬಂದ್ಳು ನೋಡ್ರಿ, ನನ್ನ ಕೈಯಾಗಿನ ಶೇಂಗಾ ಕೈಯಾಗ ಉಳದ್ವು.

ಆಮ್ಯಾಲೆ ಮಗನ ಕಾಟಕ್ಕ ಒಂದು ಸೈಕಲ್ ಬಂತು. ಎರಡು ವರ್ಷ ಹೊಡದಾ. 2024ಕ್ಕ ಇಂಜಿನಿಯರಿಂಗ್ ಅಂತ ಬೆಂಗಳೂರಿಗೆ ಹೋದಾ. ಸೈಕಲ್ ಪಡಸಾಲ್ಯಾಗ ಉಳೀತು. ಅದರ ಹ್ಯಾಂಡಲ್ ಮ್ಯಾಲೆ ನಮ್ಮನಿಯವರ ಟಾವೆಲ್ ಒಣಗತಿದ್ವು. ತವರುಮನ್ಯಾಗ ಅಣ್ಣನ ಸೈಕಲ್ ಕದ್ದು ಹೊಡದಾಕಿ ನಾನು. ಆ ಟಾವೆಲ್ ತಗದು ಮಡಚೂಮುಂದ ದಿನಾ ಒಮ್ಮೆ ಗಂಟಿ ಬಾರಿಸಿ ಬಿಡ್ತಿದ್ದೆ, ಅಷ್ಟ.

ಇನ್ನ ನಾಯಿ ಕಥಿ. ಹೆಸರು ಪಿಂಟ್ಯಾ. ಮಳಿಗಾಲದಾಗ ಮರಿ ಇದ್ದಾಗ ನಮ್ಮ ನೀರಿನ ಟಾಕಿ ಹಿಂದ ಬಂದು ಕುಂತಿತ್ತು. ಕಾಲು ನೋಡಿದ್ರ ಮುಧೋಳ ನಾಯಿ, ಕಿವಿ ನೋಡಿದ್ರ ಓಣಿ ನಾಯಿ, ಬುದ್ಧಿ ನೋಡಿದ್ರ ಮಂಗ್ಯಾ. ಅತ್ತಿಯವರ ಚಪ್ಪಲಿ ಒಂದ ಒಯ್ತಾನ, ಯಾವಾಗಲೂ ಎಡಗಾಲಿಂದ. ಮಾಳಿಗಿ ಮ್ಯಾಲೆ ಸಂಡಿಗಿ ಇಟ್ರ ನಡುವ ಹಾದುಹೋಗಿ ಸಾಲು ಸಾಲು ಹೆಜ್ಜಿ ಮೂಡಸ್ತಾನ. ಪಂಚಮಿಗೆ ಕಟ್ಟಿದ ಶೇಂಗಾ ಉಂಡಿ ಎಂಟು ಕಡಿಮಿ ಬಂದ್ವು. ನಾದಿನಿ ಮಕ್ಕಳ ಮ್ಯಾಲೆ ಗುಮಾನಿ ಮಾಡಿದ್ವಿ. ಆಮ್ಯಾಲೆ ತುಳಸಿಕಟ್ಟಿ ಮಣ್ಣು ಸಡಿಲ ಮಾಡೂಮುಂದ ಮೂರು ಉಂಡಿ ಮ್ಯಾಲೆ ಬಂದ್ವು. ಹುಡುಗ್ರ ಮುಂದ ನಮಗ ನಾಚಿಕಿ.

ಒಂದಿನ ಪಿಂಟ್ಯಾ ನಮ್ಮನಿಯವರ ಬ್ಯಾಂಕಿನ ಪಾಸ್‌ಬುಕ್ ಕಡದು ಚೂರು ಮಾಡಿದಾ. "ಇದಕ್ಕ ಓಡಾಟ ಇಲ್ಲ, ಅದಕ್ಕ ಹಿಂಗ ಮಾಡ್ತದ. ಯಾರರ ಅಡ್ಡಾಡಿಸ್ರಿ" ಅಂದ್ರು ಅವರು. ನನ್ನ ಬಾಯಾಗಿಂದ ಥಟ್ನ ಬಂತು: "ನಾ ಸೈಕಲ್ ಮ್ಯಾಲೆ ಓಡಿಸ್ಕೊಂಡು ಬರ್ತೀನಿ." ಯಾರೂ ಬ್ಯಾಡ ಅನ್ನಲಿಲ್ಲ. ನನಗೂ ಆಶ್ಚರ್ಯ ಆತು. ನಾ ಸೈಕಲ್ ಹೊಡೀತೀನಿ ಅಂದಿದ್ರ ಮನ್ಯಾಗ ಅರ್ಧಾ ದಿನ ಮಾತಾಗ್ತಿತ್ತು. ನಾಯಿ ಅಂದದ್ದಕ್ಕ ಒಂದು ನಿಮಿಷದಾಗ ಪಾಸಾತು.

ಹಂಗ ಸುರು ಆತು. ಡಾಂಬರ ರಸ್ತೆ ಬಿಟ್ಟು ಬಂಡಿ ದಾರಿ, ಅಲ್ಲಿಂದ ದಿನ್ನಿ, ದಿನ್ನಿ ಮ್ಯಾಲೆ ಒಂದು ಬೇವಿನ ಗಿಡ. ಹೋಗಿ ಬರಾಕ ಒಂದು ತಾಸು. ಗಿಡದ ಕೆಳಗ ನಿಂತ್ರ ದೂರ ಗಾಳಿ ಫ್ಯಾನು ತಿರಗೂದು ಕಾಣ್ತಾವ. ಮೊದಲ ವಾರ ದಿನ್ನಿ ಏರಾಕ ಮೂರು ಸಲ ಇಳದು ನೂಕಿದೆ. ಗೇರು ಯಾವಾಗ ಬದಲಿ ಮಾಡಬೇಕಂತ ಮಗಾ ಫೋನಿನ್ಯಾಗ ಹೇಳಿಕೊಟ್ಟಾ: ಏರು ಬಂದ ಮ್ಯಾಲೆ ಅಲ್ಲ ಅವ್ವಾ, ಏರು ಬರೂಕಿಂತ ಮೊದಲ. ಟೈರಿಗೆ ಗಾಳಿ ಕಲ್ಲಾಗೂಹಂಗ ತುಂಬಬಾರದು, ರಸ್ತೆ ಸೈಕಲ್‌ಕಿಂತ ಕಡಿಮಿ ಇದ್ರ ಮಣ್ಣು ಹಿಡೀತದ, ಮೈಗೆ ಬಡತ ಕಡಿಮಿ. ಗಾಳಿಕಿಂತ ದೊಡ್ಡ ವೈರಿ ನೆಗ್ಗಿನ ಮುಳ್ಳು. ಒಂದ ತಿಂಗಳದಾಗ ಐದು ಪಂಚರ್. ಈಗ ಟ್ಯೂಬ್ ಬದಲಿ ಮಾಡೂದು ನನಗ ರೊಟ್ಟಿ ಬಡ್ಯೂವಷ್ಟ ಸಸಾರ.

ಆರು ತಿಂಗಳದಾಗ ಎರಡು ಬದಲಾವಣಿ ಕಂಡ್ವು. ಪಿಂಟ್ಯಾ ಓಡಿ ಬಂದು ಮಧ್ಯಾಹ್ನದ ಮಟಾ ಮಲಗತಿದ್ದ, ಕಳುವು ಅರ್ಧ ಆತು. ನಾನೂ ಸಣ್ಣಪುಟ್ಟದ್ದಕ್ಕ ಚೀರೂದು ಕಡಿಮಿ ಮಾಡಿದೆ. ಪಿಂಟ್ಯಾನ ಬದಲಾವಣಿ ಎಲ್ಲಾರೂ ಆಡಿ ಹೊಗಳಿದ್ರು. ನಂದು ಯಾರಿಗೂ ಕಾಣಲಿಲ್ಲ, ನಾನೂ ತೋರಿಸಲಿಲ್ಲ.

ಈಗ ಬಿದ್ದದ್ದು ಹೇಳ್ತೀನಿ. ದಿನ್ನಿಯಿಂದ ಇಳಿಯೂ ದಾರಿಯೊಳಗ ಹೊಸಾ ಗರಸು ಹಾಕಿದ್ರು. ನನ್ನ ಜಂಬ ಆಗ ಹೆಚ್ಚಾಗಿತ್ತು, ಜೋರ ಬಿಟ್ಟೆ. ತಿರುವು ಬಂದಾಗ ಹೆದರಿ ಮುಂದಿನ ಬ್ರೇಕ್ ಒಂದ ಗಟ್ಟಿ ಹಿಡದೆ. ಗರಸಿನ ಮ್ಯಾಲೆ ಅದನ್ನ ಮಾಡಬಾರದ್ರಿ. ಎರಡೂ ಬ್ರೇಕ್ ಸಾವಕಾಶ ಹಿಡದು, ಮೈ ಹಿಂದ ಸರಿಸಬೇಕು, ತಿರುವು ಬರೂಕಿಂತ ಮೊದಲ ವೇಗ ಇಳಿಸಬೇಕು. ಮುಂದಿನ ಗಾಲಿ ಜಾರಿತು, ನಾ ಒಂದು ಕಡೆ, ಸೈಕಲ್ ಒಂದು ಕಡೆ. ಮೊಣಕೈ ಕೆತ್ತಿತು, ಮೊಣಕಾಲು ಬಾತುಕೊಂಡ್ತು. ಹೆಲ್ಮೆಟ್ ಇತ್ತು, ಹಾಕ್ಕೊಂಡಿದ್ದೆ, ಅದಕ್ಕ ತಲಿ ಉಳೀತು. ಪಿಂಟ್ಯಾ ಇಪ್ಪತ್ತು ಹೆಜ್ಜಿ ಹಿಂದ ಇದ್ದ. ಓಡಿ ಬಂದು ಮುಖ ನೆಕ್ಕಿದಾ. ಆಮ್ಯಾಲೆ ನನ್ನ ಕಾಲಿಂದ ಬಿಚ್ಚಿದ ಬೂಟು ಕಚ್ಕೊಂಡು ಹೊಲದಾಗ ಓಡಿದಾ. ಬುದ್ಧಿ ಎಲ್ಲಿ ಬಿಡ್ತಾನ!

ಕುಂಟಕೋತ ಮನಿಗೆ ಬಂದೆ. ಎಲ್ಲಾರೂ ಸುತ್ತುಗಟ್ಟಿದ್ರು, ಏನಾತು ಏನಾತು ಅಂತ. "ನಾಯಿ ಅಡ್ಡ ಬಂತು" ಅಂದೆ.

ಯಾಕಂದೆ? ನಾ ಜೋರ ಬಿಟ್ಟೆ ಅಂದ್ರ, ಈ ವಯಸ್ಸಿನ್ಯಾಗ ಜೋರ ಯಾಕ ಬಿಡಬೇಕಿತ್ತು ಅಂತಾರ. ನಾಯಿ ಅಡ್ಡ ಬಂತು ಅಂದ್ರ ಪಾಪ ಅಂತಾರ. ಪಾಪ ಅನ್ನಿಸ್ಕೊಳ್ಳಾಕ ನಾ ಮೂಕ ಪ್ರಾಣಿ ಮ್ಯಾಲೆ ಹಾಕಿದೆ.

ನಮ್ಮನಿಯವರು ಅವತ್ತ ಸರಪಳಿ ತಂದು ಪಿಂಟ್ಯಾನ್ನ ಹಿತ್ತಲ ಪೇರಲ ಗಿಡಕ್ಕ ಕಟ್ಟಿದ್ರು. ಎಂಟು ದಿನ ರೀ. ಮುಂಜಾನೆ ಪಾವಣೆ ಆರಾತಂದ್ರ ಬಾಗಿಲು ಕಡೆ ನೋಡಿ ಕುಂಯ್ ಕುಂಯ್ ಅಂತಿದ್ದ. ಮೂರನೇ ದಿನಕ್ಕ ರೊಟ್ಟಿ ಮುಟ್ಟಲಿಲ್ಲ. ಕೊಳ್ಳಾಗ ಕೂದಲು ಉದುರಿ ಕೆಂಪಗಾತು. ನಾ ಒಳಗ ಚಾ ಮುಂದಿಟ್ಕೊಂಡು ಕುಂತಿರ್ತಿದ್ದೆ. ಮೊಣಕಾಲು ನಾಲ್ಕು ದಿನಕ್ಕ ಸರಿ ಆತು, ಆದ್ರೂ ಸೈಕಲ್ ತಗೀಲಿಲ್ಲ. ಯಾಕಂದ್ರ ಹೋಗಾಕ ಕಾರಣ ಇದ್ದಿಲ್ಲಲ್ಲ! ಕಾರಣ ಗಿಡಕ್ಕ ಕಟ್ಟಿತ್ತು.

ಎಂಟನೇ ದಿನ ಅತ್ತಿಯವರು ಬತ್ತಿ ಹೊಸ್ಯಾಕ ಕುಂತಾವರು ತಲಿ ಎತ್ತದ ಕೇಳಿದ್ರು: "ಅದನ್ನ ಕಟ್ಟ್ಯಾರ, ಸರಿ. ನಿನ್ನ ಯಾರ ಕಟ್ಟ್ಯಾರವಾ?"

ನನಗ ಅಳು ಬಂತು. ಎಲ್ಲಾ ಹೇಳಿದೆ. ರಾತ್ರಿ ನಮ್ಮನಿಯವರಿಗೂ ಹೇಳಿದೆ. ಅವರು ನಗಲಿಲ್ಲ. "ನೀ ಬಿದ್ದದ್ದು ತಪ್ಪಲ್ಲ. ಎಂಟು ದಿನ ಅದನ್ನ ಕಟ್ಟಿಸಿದ್ಯಲ್ಲ, ಅದು ತಪ್ಪು" ಅಂದು ಎದ್ದುಹೋಗಿ ಸರಪಳಿ ಬಿಚ್ಚಿದ್ರು. ಅವರು ಅಂದದ್ದು ಸರಿ. ಅದಕ್ಕ ನಾ ಉತ್ತರ ಕೊಡಲಿಲ್ಲ.

ಅವತ್ತಿಂದ ವಿಚಾರ ಮಾಡಾಕತ್ತೀನಿ. ನಮ್ಮ ಓಣ್ಯಾಗ ಯಾವ ಹೆಣ್ಮಗಳು ಸುಮ್ನ ಹೊರಗ ಹೋಗ್ತಾಳ ಹೇಳ್ರಿ? ಒಬ್ಬಾಕಿ ವೀರನಾರಾಯಣ ಗುಡಿಗಂತ ಹೋಗ್ತಾಳ, ದರ್ಶನ ಐದು ನಿಮಿಷ, ಕಟ್ಟಿ ಮ್ಯಾಲೆ ಗೆಳತಿ ಜೋಡಿ ಮಾತು ನಲವತ್ತು ನಿಮಿಷ. ಒಬ್ಬಾಕಿ ಕೊತ್ತಂಬರಿಗಂತ ಸಂತಿಗೆ ಹೋಗ್ತಾಳ, ಮನ್ಯಾಗ ಕೊತ್ತಂಬರಿ ಇದ್ರೂ. ಇನ್ನೊಬ್ಬಾಕಿ ಶುಗರ್ ಐತಿ, ಡಾಕ್ಟರ್ ವಾಕಿಂಗ್ ಹೇಳ್ಯಾರ ಅಂತಾಳ. ನಮ್ಮ ಗಂಡಸರು ಹೆಂಗ ಹೋಗ್ತಾರ? ಅಂಗಿ ತೊಟ್ಟು "ಬರ್ತೀನಿ" ಅಂತಾರ. ಅಷ್ಟ. ಎಲ್ಲಿಗೆ ಅಂತ ಕೇಳಿದ್ರ "ಇಲ್ಲೇ" ಅಂತಾರ.

ನೆವದಿಂದ ಏನು ತ್ರಾಸು, ಕೆಲಸ ಆಗ್ತದಲ್ಲ ಅಂತ ನೀವು ಕೇಳಬಹುದು. ನಾನೂ ಹಂಗ ತಿಳ್ಕೊಂಡಿದ್ದೆ. ತ್ರಾಸು ಏನಂದ್ರ, ನೆವ ತಪ್ಪಿದ ದಿನ ನಮ್ಮ ತಾಸೂ ಹೋಗ್ತದ. ಶುಗರ್ ಇಳದ್ರ ವಾಕಿಂಗ್ ಬಂದ್. ನಾಯಿ ಕಟ್ಟಿದ್ರ ಸೈಕಲ್ ಬಂದ್. ಎರಡನೇದು, ಏನರ ಹೆಚ್ಚುಕಡಿಮಿ ಆದ್ರ ನೆವದ ಮ್ಯಾಲೆ ಹಾಕ್ತೀವಿ, ಅದರ ಸೆಕಿ ಇನ್ನೊಬ್ಬರಿಗೆ ತಾಗ್ತದ. ಮೂರನೇದು, ನಮ್ಮ ಹೆಣ್ಮಕ್ಕಳು ನೋಡ್ತಿರ್ತಾರ. ನಾದಿನಿ ಮಗಳು ಹನ್ನೊಂದು ವರ್ಷದಾಕಿ ಮೊನ್ನೆ ಕೇಳಿದ್ಳು, "ಅತ್ತಿ, ನನಗೂ ಸೈಕಲ್ ಹೊಡೀಬೇಕಂದ್ರ ಮೊದಲ ನಾಯಿ ಸಾಕಬೇಕೇನು?" ನಕ್ಕೆ. ಆದ್ರ ಆ ಮಾತು ರಾತ್ರಿ ನಿದ್ದಿಗೆಡಿಸಿತು.

ಇದು ಗಂಡಸರ ಆಟ ಅನ್ನಾವರಿಗೂ ಒಂದು ಮಾತು. ಮಗಾ ಹೇಳಿದ ಮ್ಯಾಲೆ ಓದಿ ತಿಳ್ಕೊಂಡೆ. 1970ರ ದಶಕದಾಗ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕಡೆ ಕೆಲವು ಹುಡುಗ್ರು ಹಳೇ ಭಾರದ ಸೈಕಲ್ ತಗೊಂಡು ಗುಡ್ಡ ಇಳಿಯಾಕ ಸುರು ಮಾಡಿದ್ರಂತ. ಬ್ರೇಕ್ ಕಾದು ಗಾಲಿ ನಡುವಿನ ಗ್ರೀಸ್ ಹೊಗಿ ಆಗ್ತಿತ್ತಂತ, ಒಮ್ಮೆ ಇಳದ್ರ ಮತ್ತ ಗ್ರೀಸ್ ತುಂಬಬೇಕು. ಆ ಗುಂಪಿನ್ಯಾಗ ವೆಂಡಿ ಕ್ರ್ಯಾಗ್ ಅಂತ ಒಬ್ಬಾಕಿ ಇದ್ಳು. ಸೈಕಲ್ಲೂ ಹೊಡದ್ಳು, ಫೋಟೋನೂ ತಗದ್ಳು. ಆ ಕಾಲದ ಚಿತ್ರ ನಮಗ ಇವತ್ತು ಸಿಗೂದು ಬಹಳಷ್ಟು ಆಕಿಯಿಂದನ. 1996ಕ್ಕ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟ ಸೇರಿದಾಗ ಮೊದಲನೇ ಸಲಕ್ಕ ಗಂಡಸರದ್ದೂ ಹೆಂಗಸರದ್ದೂ ಎರಡೂ ಸ್ಪರ್ಧೆ ಇದ್ವು. ಹೆಂಗಸರನ್ನ ಆಮ್ಯಾಲೆ ಕರದದ್ದಲ್ಲ.

ಹಂಗಂತ ನಾಳಿನ ಎಲ್ಲಾರೂ ಗುಡ್ಡಕ್ಕ ಹೋಗ್ರಿ ಅನ್ನಾಂಗಿಲ್ಲ. ಹೆದರಿಕಿ ಕೆಲವು ಖರೆನ ಅದಾವ. ಒಬ್ಬಾಕಿನ ದೂರ ಹೋಗಬ್ಯಾಡ್ರಿ. ಮನ್ಯಾಗ ದಾರಿ ಹೇಳ್ರಿ, ಫೋನ್ ಒಯ್ರಿ. ದಾರಿ ಹೇಳೂದು ಬ್ಯಾರೆ, ಅಪ್ಪಣೆ ಕೇಳೂದು ಬ್ಯಾರೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ತೋಳ, ಕತ್ತೆಕಿರುಬ, ಚಿರತಿ ಅದಾವ, ಅದರೊಳಗ ನಾಯಿ ತಗೊಂಡು ನುಗ್ಗೂದು ತಪ್ಪು. ಹೊಲದ ದಾರಿ ಸಾಕು ನಮಗ.

ನಾಯಿ ಇದ್ದಾವರಿಗೆ ಇಷ್ಟ ಹೇಳ್ತೀನಿ. ಹಗ್ಗ ಹ್ಯಾಂಡಲ್‌ಗೆ ಕಟ್ಟಬ್ಯಾಡ್ರಿ, ಅದು ಅಳಿಲು ಕಂಡು ಎಳದ್ರ ಇಬ್ಬರೂ ಬೀಳ್ತೀರಿ. ಮರಿ ಇದ್ದಾಗ ಎಲುಬು ಎಳೇವು, ದೂರ ಓಡಿಸಬ್ಯಾಡ್ರಿ. ನಾಯಿಗೆ ನಮ್ಮಂಗ ಮೈತುಂಬ ಬೆವರು ಬರೂದಿಲ್ಲ, ನಾಲಿಗಿ ಚಾಚಿ ತೇಕಿನ ಮೈ ತಂಪು ಮಾಡ್ಕೊಬೇಕು. ಬ್ಯಾಸಗ್ಯಾಗ ಬಿಸಿಲೇರೂಕಿಂತ ಮೊದಲ ಮನಿಗೆ ಬರ್ರಿ, ನೀರು ಒಯ್ರಿ. ರೇಬೀಸ್ ಲಸಿಕಿ ವರ್ಷಾ ಹಾಕಸ್ರಿ. ಓಣಿ ನಾಯಿ ಬೆನ್ನು ಹತ್ತಿದ್ರ ಸೈಕಲ್ ಜೋರ ಹೊಡೀಬ್ಯಾಡ್ರಿ, ಇಳದು ಸೈಕಲ್ ನಡುವ ಹಿಡದು ನಿಂದರ್ರಿ. ಅಕಸ್ಮಾತ್ ಕಚ್ಚಿದ್ರ ಸಬಕಾರ ಹಚ್ಚಿ ಹರಿಯೂ ನೀರಿನ್ಯಾಗ ಹದಿನೈದು ನಿಮಿಷ ತೊಳದು, ಅವತ್ತ ದವಾಖಾನಿಗೆ ಹೋಗ್ರಿ. ಅರಿಷಿಣ ಖಾರಪುಡಿ ಹಚ್ಚಿ ಕೂಡಬ್ಯಾಡ್ರಿ.

ಈಗ ವಾರದಾಗ ನಾಲ್ಕು ದಿನ ಪಿಂಟ್ಯಾ ಬರ್ತಾನ, ಎರಡು ದಿನ ನಾ ಒಬ್ಬಾಕಿನ ಬೇವಿನ ಗಿಡದ ಮಟಾ ಹೋಗಿ ಬರ್ತೀನಿ. ಆ ಎರಡು ದಿನ ಬೇಕಂತನ ಇಟ್ಕೊಂಡೀನಿ. ಕಾಕು ಕೇಳ್ತಾರ, "ಇವತ್ತು ನಾಯಿ ಇಲ್ಲಲ್ಲವಾ, ಎಲ್ಲಿಗೆ?" "ಸೈಕಲ್ ಹೊಡ್ಯಾಕರಿ ಕಾಕು, ನನಗ ಸೇರ್ತದ" ಅಂತೀನಿ. ಕಾಕುಗೆ ಇನ್ನೂ ಸರಿ ಬಂದಿಲ್ಲ. ಮುಖಾ ತಿರುವಿ ರಂಗೋಲಿಗೆ ಕೂಡ್ತಾರ. ಕೂಡ್ಲಿ. ಮೊದಲನೇ ದಿನ ಆ ಮಾತು ಹೇಳೂಮುಂದ ದಿನ್ನಿ ಏರಿದ್ದಕ್ಕಿಂತ ಹೆಚ್ಚ ಎದಿ ಹೊಡಕೊಂಡಿತ್ತು, ಈಗ ಅಷ್ಟಿಲ್ಲ.

ನಿಮ್ಮದು ಯಾವ ನೆವ ಐತಿ, ಒಮ್ಮೆ ವಿಚಾರ ಮಾಡ್ರಿ. ಗುಡಿಯೋ, ಕೊತ್ತಂಬರಿಯೋ, ಶುಗರೋ. ಒಂದ ದಿನ ಅದನ್ನ ಬಿಟ್ಟು "ನನಗ ಸೇರ್ತದ, ಹೊಂಟೀನಿ" ಅಂದು ನೋಡ್ರಿ. ಮುಂದಿನ ಸಲ ಸಿಕ್ಕಾಗ ಮನ್ಯಾಗ ಏನಂದ್ರು ಹೇಳ್ರಿ. ನಾ ಈಗ ಏಳಬೇಕು, ಅತ್ತಿಯವರ ಎಡಗಾಲ ಚಪ್ಪಲಿ ಮತ್ತ ಕಾಣವಲ್ಲದು.