ಗದ್ದೆ ಕೆಲಸ ವ್ಯಾಯಾಮ ಅಲ್ಲ ಸ್ವಾಮಿ!

ನಮ್ಮ ಶಿಕಾರಿಪುರ, ಸೊರಬದ ಕಡೆ ಮಂಡಿನೋವು, ಸೊಂಟನೋವು ಅಂದವರಿಗೆ ಎರಡೇ ಸಲಹೆ ಸಿಗುತ್ತೆ. ಒಂದು, "ಸುಮ್ನೆ ಮಲ್ಕೊಳ್ಳಿ, ಅಲುಗಾಡಬೇಡಿ." ಇನ್ನೊಂದು, "ದಿನಾ ಗದ್ದೇಲಿ ದುಡೀತೀರಲ್ಲ, ಬೇರೆ ವ್ಯಾಯಾಮ ಯಾಕೆ?" ವರ್ಷಗಳಿಂದ ಸೊಂಟನೋವಿನ ಜೊತೆ ಸಂಸಾರ ಮಾಡ್ತಿರೋ ನನಗೆ ಎರಡೂ ತಪ್ಪು ಅನ್ನಿಸುತ್ತೆ.

ನಾಟಿ ಮಾಡುವ ಹೆಂಗಸು ದಿನವಿಡೀ ಕೆಸರಲ್ಲಿ ಬಗ್ಗಿರ್ತಾಳೆ. ಜೋಳದ ಮೂಟೆ ಹೊರುವವನ ಭಾರವೆಲ್ಲ ಒಂದೇ ಜಾಗದ ಮೇಲೆ ಬೀಳುತ್ತೆ. ನೋವು ಬಂತು ಅಂತ ನಡುವೆ ನಿಲ್ಲಿಸೋ ಹಾಗಿಲ್ಲ, ಕೂಲಿ ಹೋಗುತ್ತೆ. ವ್ಯಾಯಾಮದ ಗುಣವೇ ಬೇರೆ... ಅಲ್ಲಿ ಎಷ್ಟು, ಯಾವಾಗ, ಎಲ್ಲಿಗೆ ಸಾಕು ಅನ್ನೋದು ನಮ್ಮ ಕೈಯಲ್ಲಿರುತ್ತೆ.

ಹಾಗಂತ ಎಲ್ಲರಿಗೂ ಒಂದೇ ಮಂತ್ರ ನಡೆಯೋದಿಲ್ಲ. ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ಬಗ್ಗೆ ಕೇಳಿರ್ತೀರಿ. 1970ರ ದಶಕದಲ್ಲಿ ಬೆಳಕಿಗೆ ಬಂದದ್ದು, ಹೆಚ್ಚಾಗಿ ದಲಿತ ಕೂಲಿಕಾರ ಕುಟುಂಬಗಳನ್ನು ಹಿಂಡಿದ್ದು. ಇದು ವಂಶದಲ್ಲಿ ಬರುವ ಮೂಳೆ ಬೆಳವಣಿಗೆಯ ದೋಷ ಅಂತ 1994ರಲ್ಲಿ ಪ್ರಕಟವಾದ ಎಕ್ಸ್-ರೇ ಅಧ್ಯಯನ ಹೇಳಿತು. ತೊಡೆಸಂದಿನ ಕೀಲೇ ಹಾಳಾದವರಿಗೆ "ದಿನಾ ಐದು ಕಿಲೋಮೀಟರ್ ನಡೀರಿ" ಅನ್ನೋದು ಸಲಹೆಯಲ್ಲ, ಶಿಕ್ಷೆ. ಮೊದಲು ನೋವು ಯಾವುದು ಅಂತ ಗೊತ್ತಾಗಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೀರ್ಘಕಾಲದ ಕಾಯಿಲೆ ಇರುವವರಿಗೂ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮದ ಚಟುವಟಿಕೆ ಒಳ್ಳೇದು ಅಂದಿದೆ. ಅಷ್ಟಾಗದಿದ್ದರೆ ಆದಷ್ಟು ಮಾಡಿ, ಏನೂ ಮಾಡದೇ ಇರೋದಕ್ಕಿಂತ ಅದೇ ಮೇಲು ಅಂತಲೂ ಸೇರಿಸಿದೆ. ಈ ಎರಡನೇ ಮಾತನ್ನ ಯಾರೂ ಹೇಳೋದೇ ಇಲ್ಲ ನೋಡಿ!

ನಾನು ಪಾಲಿಸೋದು ಇಷ್ಟು. ಐದು ನಿಮಿಷದಿಂದ ಶುರು, ಹುಚ್ಚರಾಯನ ಕೆರೆ ಕಡೆ ಸಮತಟ್ಟು ದಾರಿಯಲ್ಲಿ. ಚಂದ್ರಗುತ್ತಿ ಬೆಟ್ಟದ ಮಾತು ಆಮೇಲೆ. ಕುರ್ಚಿಯಿಂದ ಎದ್ದು ಕೂರೋದು ಹತ್ತು ಸಲ. ಮಾಡುವಾಗ ಸ್ವಲ್ಪ ನೋವಾದರೆ ಹೆದರಲ್ಲ. ಮಾರನೇ ದಿನವೂ ನೋವು ಜಾಸ್ತಿಯೇ ಇದ್ದರೆ ಅಳತೆ ಇಳಿಸ್ತೀನಿ. ಮುಖ್ಯವಾಗಿ, ನೋವಿಲ್ಲದ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸೋಕೆ ಹೋಗಲ್ಲ. ನೋವಿನವರು ಬೀಳೋದು ಅಲ್ಲೇ.

ಆದರೆ ಕೀಲು ಬಿಸಿಯಾಗಿ ಊದಿದ್ದರೆ, ನೋವಿನ ಜೊತೆ ಜ್ವರ ಇದ್ದರೆ, ಕಾಲು ಜೋಮು ಹಿಡಿದು ಸೋಲ್ತಿದ್ದರೆ ವ್ಯಾಯಾಮ ಬಿಟ್ಟು ಡಾಕ್ಟರ ಹತ್ರ ಹೋಗಿ. ಮಲಮೂತ್ರದ ಹಿಡಿತ ತಪ್ಪಿದರಂತೂ ಅವತ್ತೇ ಹೋಗಬೇಕು.

ನನ್ನ ವಾದ ಇಷ್ಟೇ. ಹಳ್ಳಿಯವರಿಗೆ ಮಾತ್ರೆ ಚೀಟಿ ಜೊತೆ ವ್ಯಾಯಾಮದ ಚೀಟಿಯೂ ಸಿಗಬೇಕು, ಅದನ್ನ ಮಾಡಿ ತೋರಿಸೋ ಫಿಸಿಯೋಥೆರಪಿಸ್ಟ್ ಬಸ್ಸಿನ ದೂರದಲ್ಲಿ ಇರಬೇಕು. ಬೆನ್ನು ಬಗ್ಗಿಸಿ ಅನ್ನ ಬೆಳೆಯೋರಿಗೆ ಬೆನ್ನು ಉಳಿಸಿಕೊಳ್ಳೋ ದಾರಿ ತೋರಿಸೋದು ಉಪಕಾರ ಅಲ್ಲ, ನಮ್ಮ ಸಾಲ.

ಏನಂತೀರಾ?