ರಾಸಿನ ಬಾಯಿ ನೋಡುವವರು ತಮ್ಮ ಬಾಯಿಯನ್ನೂ ನೋಡಿಕೊಳ್ಳಲಿ



ಘಾಟಿ ಜಾತ್ರೆಯಲ್ಲಾಗಲಿ, ವಾರದ ಸಂತೆಯಲ್ಲಾಗಲಿ, ರಾಸಿನ ಬಾಯಿ ಬಿಡಿಸಿ ನೋಡದೆ ನೀವು ಹಣ ಎಣಿಸುವುದಿಲ್ಲ. ಎರಡು ಹಲ್ಲಾಗಿದ್ದರೆ ಸುಮಾರು ಎರಡು ವರ್ಷ, ಬಾಯಿಗೂಡಿದ್ದರೆ ನಾಲ್ಕರ ಆಸುಪಾಸು ಎಂದು ನನಗಿಂತ ಬೇಗ ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಹಲ್ಲು ಸವೆದ ಹಸು ಮೇವನ್ನು ಸರಿಯಾಗಿ ಅಗಿಯುವುದಿಲ್ಲ, ಮೈ ಇಳಿಯುತ್ತದೆ ಎಂಬುದೂ ನಿಮಗೆ ಗೊತ್ತು. ಕಾಲುಬಾಯಿ ಜ್ವರದಲ್ಲಿ ಬಾಯಿ ಹುಣ್ಣಾಗಿ ಮೇವು ಬಿಟ್ಟ ಹಸುವಿನ ಹಾಲು ಹೇಗೆ ಬೀಳುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ನೀವು. ಬಾಯಿಗೂ ಮೈಗೂ ಸಂಬಂಧವಿದೆ ಎಂದು ನಿಮಗೆ ಪಾಠ ಹೇಳಬೇಕಾಗಿಲ್ಲ. ಆದರೆ ಕೊಟ್ಟಿಗೆಯಲ್ಲಿ ತಿಳಿದಿರುವ ಈ ಮಾತು ಮನೆಯ ಹೊಸ್ತಿಲು ದಾಟುವುದಿಲ್ಲ.

ನಾನು ದಂತವೈದ್ಯನಲ್ಲ. ಆದರೆ ಕರೆ ಬಂದಲ್ಲಿಗೆ ಹೋಗುವವನಾದ್ದರಿಂದ ದಿನಕ್ಕೆ ಹತ್ತಾರು ಮನೆಗಳ ಜನರೊಡನೆ ನಿಂತು ಮಾತನಾಡುತ್ತೇನೆ. ನಲವತ್ತೈದಕ್ಕೇ ದವಡೆ ಹಲ್ಲು ಕಳೆದುಕೊಂಡವರು ಎಷ್ಟೋ ಮಂದಿ. ಮುದ್ದೆ ನುಂಗಲು ಹಲ್ಲೇಕೆ ಸ್ವಾಮಿ ಎಂದು ನಗುತ್ತಾರೆ. ಮುದ್ದೆಗೆ ಬೇಡ, ನಿಜ. ಸೊಪ್ಪಿನ ದಂಟು, ಮೊಳಕೆ ಕಾಳು, ಕಡಲೆಕಾಯಿ, ಮಾಂಸಕ್ಕೆ ಬೇಕಲ್ಲ? ಇವೆಲ್ಲ ತಟ್ಟೆಯಿಂದ ಒಂದೊಂದಾಗಿ ಮರೆಯಾಗಿ, ಊಟ ಬರೀ ಮುದ್ದೆ, ಅನ್ನ, ಟೀಗೆ ಬಂದು ನಿಲ್ಲುತ್ತದೆ.

ಒಸಡಿನ ರೋಗವನ್ನು ಅರ್ಥಮಾಡಿಕೊಳ್ಳಲು ನಿಮಗೆ ದೊಡ್ಡ ಪುಸ್ತಕ ಬೇಡ, ಗುಪ್ತ ಕೆಚ್ಚಲು ಬಾವು ಗೊತ್ತಿದ್ದರೆ ಸಾಕು. ಗುಪ್ತ ಬಾವಿನಲ್ಲಿ ಕೆಚ್ಚಲು ಊದಿರುವುದಿಲ್ಲ, ಹಸು ಒದೆಯುವುದಿಲ್ಲ, ಹಾಲು ನೋಡಲು ಹಾಲಿನಂತೆಯೇ ಇರುತ್ತದೆ. ಪ್ಯಾಡಲ್‌ನಲ್ಲಿ ದ್ರಾವಣ ಬೆರೆಸಿ ನೋಡಿದಾಗಲೇ ಗುಟ್ಟು ರಟ್ಟಾಗುವುದು. ಗಮನಿಸದೆ ಬಿಟ್ಟರೆ ಆ ತೊಟ್ಟೇ ಬತ್ತಬಹುದು. ಒಸಡಿನದೂ ಇದೇ ಕಥೆ. ಹಲ್ಲಿನ ಬುಡದಲ್ಲಿ ಅಂಟಂಟಾಗಿ ಕೂರುವ ಪದರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಪದರ ಗಟ್ಟಿಯಾಗಿ ಗಾರೆಯಂತಾಗುತ್ತದೆ, ಒಸಡು ಕೆಂಪಗಾಗಿ ಹಲ್ಲಿನಿಂದ ಬಿಡಿಸಿಕೊಳ್ಳುತ್ತದೆ, ಕೆಳಗಿನ ಮೂಳೆ ಕರಗುತ್ತದೆ. ಇಷ್ಟೂ ಆಗುವಾಗ ಬಹುತೇಕ ನೋವೇ ಇರುವುದಿಲ್ಲ. ಹಲ್ಲು ಅಲುಗಾಡತೊಡಗಿದಾಗ ವಯಸ್ಸಾಯಿತು ಎಂದುಕೊಳ್ಳುತ್ತೇವೆ.

ಹಾಲಿನಲ್ಲಿ ಒಂದು ಹನಿ ರಕ್ತ ಕಂಡರೆ ಬೆಳಗಿನ ಜಾವವೇ ನನಗೆ ಫೋನ್ ಬರುತ್ತದೆ. ಹಲ್ಲುಜ್ಜಿ ಉಗುಳಿದಾಗ ರಕ್ತ ಕಂಡರೆ? ಬ್ರಷ್ ಗಟ್ಟಿಯಾಯಿತು ಎಂದು ಆ ಜಾಗ ಉಜ್ಜುವುದನ್ನೇ ಬಿಡುತ್ತೀರಿ. ಆಗಬೇಕಾದ್ದು ಅದರ ತಿರುಗು. ಸಾಮಾನ್ಯವಾಗಿ ರಕ್ತ ಬರುವುದು ಸರಿಯಾಗಿ ಶುಚಿಯಾಗದ ಜಾಗದಿಂದ. ಮೃದುವಾದ ಬ್ರಷ್‌ನಿಂದ ಅಲ್ಲೇ ನಿಧಾನವಾಗಿ ಉಜ್ಜಬೇಕು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ತೋರಿಸಬೇಕು.

ಸಕ್ಕರೆ ಕಾಯಿಲೆ ಇರುವವರು ಇದನ್ನು ಎರಡು ಸಲ ಓದಿ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಒಸಡಿನ ಸೋಂಕು ಬಲಿಯುತ್ತದೆ. ಸೋಂಕು ಬಲಿತಷ್ಟೂ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಸಕ್ಕರೆ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ ಎಂಬುದು ದೃಢಪಟ್ಟಿದೆ. ಹಾಗೆಂದು ಮಾತ್ರೆ ಬಿಡಬೇಡಿ. ಹೃದಯದ ಕವಾಟ ಮೊದಲೇ ಕೆಟ್ಟವರು, ಕೃತಕ ಕವಾಟ ಹಾಕಿಸಿಕೊಂಡವರು ಹಲ್ಲು ಕೀಳಿಸುವ ಮುನ್ನ ವೈದ್ಯರಿಗೆ ಅದನ್ನು ಹೇಳಲೇಬೇಕು. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟದ ಮೇಲೆ ಕೂರುವ ಅಪಾಯವಿದೆ. ಎಲ್ಲ ಹೃದಯಾಘಾತಕ್ಕೂ ಒಸಡೇ ಮೂಲ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶಗಳನ್ನು ಮಾತ್ರ ನಂಬಬೇಡಿ. ಎರಡೂ ಒಬ್ಬರಲ್ಲೇ ಕಾಣುವುದು ಹೆಚ್ಚು, ಆದರೆ ಒಂದರಿಂದ ಇನ್ನೊಂದು ಬರುತ್ತದೆ ಎಂದು ಸಾಬೀತಾಗಿಲ್ಲ.

ಇನ್ನು ಕಡ್ಡಿಪುಡಿ. ಡೇರಿಯ ಸಾಲಿನಲ್ಲಿ ನಿಂತ ಗಂಡಸರು ಹೆಂಗಸರು ಎಂಬ ಭೇದವಿಲ್ಲದೆ ಕೆನ್ನೆಯೊಳಗೆ ಅದು ಇರುತ್ತದೆ. ಹಲ್ಲುನೋವಿಗೆ ಒಳ್ಳೆಯದೆಂದು ಶುರುವಾಗಿ ಊಟದಷ್ಟೇ ಖಾಯಂ ಆಗುತ್ತದೆ. ತಂಬಾಕು ಬಿಟ್ಟು ಬರೀ ಅಡಿಕೆ ಅಗಿದರೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ಸದಸ್ಯರಿಗೆ ಈ ಸಾಲು ಇಷ್ಟವಾಗದು, ಆದರೂ ಬರೆಯದೆ ಇರಲಾರೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಬೆರೆಸುವ ಕೆಲಸ ಮಾತ್ರ ನಿಮ್ಮದು. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಿಡಿಸಿ ನೋಡಿ. ಹಿಡಿಸದಿದ್ದರೆ, ಖಾರ ತಿಂದರೆ ಬಾಯೆಲ್ಲ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರದಲ್ಲಿ ಮಾಯದ ಹುಣ್ಣಿದ್ದರೆ ತಡ ಮಾಡಬೇಡಿ. ಬಾಯಿ ಕ್ಯಾನ್ಸರ್ ಮೊದಲ ಹಂತದಲ್ಲಿ ಸಿಕ್ಕರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಹಸುವಿಗೆ ಕೊಡುವ ನೋವಿನ ಇಂಜೆಕ್ಷನ್ ನನಗೂ ಒಂದಿಷ್ಟು ಹಾಕಿ ಎಂದು ಕೆನ್ನೆ ಊದಿಸಿಕೊಂಡು ಕೇಳುವವರು ಇದ್ದಾರೆ. ನಾನು ಹಾಕುವುದಿಲ್ಲ, ಬೇರೆ ಯಾರಿಂದಲೂ ಹಾಕಿಸಿಕೊಳ್ಳಬೇಡಿ. ಹಲ್ಲಿನ ಬೇರಿನ ಕೀವು ದವಡೆಯಿಂದ ಕುತ್ತಿಗೆಗೆ ಇಳಿದರೆ ಉಸಿರಿಗೇ ಸಂಚಕಾರ.

ರಾತ್ರಿ ಉಜ್ಜುವುದು ಏಕೆ ಮುಖ್ಯ ಎಂದು ಕೇಳುತ್ತೀರಿ. ಹಸುವಿಗೆ ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಸುರಿಯುತ್ತದೆ, ರಾತ್ರಿಯೂ ಮೆಲುಕು ಹಾಕುತ್ತದೆ. ನಮಗೆ ಊರುವುದು ಹೆಚ್ಚೆಂದರೆ ಒಂದೂವರೆ ಲೀಟರ್, ನಿದ್ದೆಯಲ್ಲಿ ಅದೂ ಬಹುತೇಕ ನಿಲ್ಲುತ್ತದೆ. ತೊಳೆಯುವವರಿಲ್ಲದ ಬಾಯಲ್ಲಿ ಹುಳುಕಿಗೆ ಹಬ್ಬ. ಫ್ಲೋರೈಡ್ ಇರುವ ಸಾಧಾರಣ ಪೇಸ್ಟ್ ಸಾಕು. ಬೇವಿನ ಕಡ್ಡಿಯ ಮೇಲೆ ನನಗೆ ಜಗಳವಿಲ್ಲ, ಅದು ದವಡೆಯ ಹಿಂಬದಿಗೆ ತಲುಪುವುದಿಲ್ಲ ಅಷ್ಟೆ. ಇಟ್ಟಿಗೆ ಪುಡಿ, ಇದ್ದಿಲು ಹಲ್ಲನ್ನು ತೇಯುತ್ತವೆ. ಪಾವಗಡದಂಥ ಕಡೆ ಮಕ್ಕಳ ಹಲ್ಲಿನ ಕಂದು ಕಲೆ ಕೊಳವೆಬಾವಿಯ ಫ್ಲೋರೈಡಿನದು, ಉಜ್ಜಿದರೆ ಹೋಗದು. ಅಲ್ಲಿ ಕುಡಿಯುವ ನೀರು ಬದಲಾಗಬೇಕು. ಹಸುಗೂಸಿನ ಬಾಯಿಗೆ ಸಕ್ಕರೆ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ. ತಪ್ಪು ನಮ್ಮ ಹಾಲಿನದಲ್ಲ, ಸಕ್ಕರೆಯದು ಮತ್ತು ರಾತ್ರಿಯಿಡೀ ಇಡುವುದರದು.

ಇಷ್ಟೆಲ್ಲ ತಿಳಿದರೂ ನೀವು ದಂತವೈದ್ಯರ ಬಳಿ ಹೋಗುವುದಿಲ್ಲ ಎಂಬುದು ನನಗೆ ಗೊತ್ತು. ಅದು ಸೋಮಾರಿತನವಲ್ಲ. ಬೆಳಗಿನ ಹಾಲು ಹಾಕಿ, ಮೇವು ತಂದು, ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಯ ಸಾಲು ನಿಂತರೆ ಸಂಜೆಯ ಕರಾವಿಗೆ ವಾಪಸಾಗುವುದು ಅನುಮಾನ. ಬೇರು ಚಿಕಿತ್ಸೆಗೆ ಮೂರು ನಾಲ್ಕು ಸಲ ಬನ್ನಿ ಎಂದರೆ ಕಿತ್ತೇ ಬಿಡಿ ಎನ್ನುತ್ತೀರಿ. ಆದ್ದರಿಂದ ವೈದ್ಯರೇ ಡೇರಿಗೆ ಬರಬೇಕು ಎಂಬುದು ನನ್ನ ವಾದ. ಬರಡು ರಾಸುಗಳಿಗೆ ಶಿಬಿರ ಮಾಡುತ್ತೇವೆ, ಕಾಲುಬಾಯಿ ಲಸಿಕೆಗೆ ಮನೆಮನೆಗೆ ಬರುತ್ತೇವೆ. ವರ್ಷಕ್ಕೊಮ್ಮೆ, ಎಲ್ಲ ಸದಸ್ಯರೂ ಸೇರುವ ವಾರ್ಷಿಕ ಮಹಾಸಭೆಯ ದಿನವೇ, ಬಾಯಿ ತಪಾಸಣೆಗೆ ಯಾಕೆ ಕೂರಿಸಬಾರದು? ನಮ್ಮ ರಾಜ್ಯದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ, ಹಳ್ಳಿ ಶಿಬಿರಗಳನ್ನು ಅವು ನಡೆಸುತ್ತವೆ. ಸಂಘಕ್ಕೆ ಬೀಳುವ ಖರ್ಚು ಶಾಮಿಯಾನ, ಕುರ್ಚಿ, ಮಧ್ಯಾಹ್ನದ ಊಟ. ಇದು ಆರೋಗ್ಯ ಇಲಾಖೆಯ ಕೆಲಸ, ಡೇರಿಯದಲ್ಲ ಎನ್ನುವವರಿಗೆ ಒಂದೇ ಮಾತು: ಹಾಲು ಹಾಕುವವರು ಮಲಗಿದರೆ ಕ್ಯಾನ್ ತುಂಬುವವರು ಯಾರು?

ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸುವಂತೆ ನಿಮ್ಮ ಸಂಘದ ಕಾರ್ಯದರ್ಶಿಗೆ ಲಿಖಿತವಾಗಿ ಕೇಳಿ. ಒಬ್ಬರಲ್ಲ, ಹತ್ತು ಜನ ಸಹಿ ಹಾಕಿ. ಶಿಬಿರ ನಿಗದಿಯಾದರೆ ಆ ದಿನ ಬೆಳಿಗ್ಗೆ ಎಲೆ ಅಡಿಕೆ ಹಾಕಿಕೊಂಡು ಬರಬೇಡಿ. ಕಲೆ ಯಾವುದು, ಗಾಯ ಯಾವುದು ಎಂಬುದು ವೈದ್ಯರಿಗೆ ಕಾಣಬೇಕು.