ತೋಟವಿದ್ದ ಮಾತ್ರಕ್ಕೆ ವ್ಯಾಯಾಮವಾಯಿತೆ?

"ದಿನವಿಡೀ ತೋಟದಲ್ಲಿರುವ ನಮಗೆ ಬೇರೆ ವ್ಯಾಯಾಮ ಏಕೆ?" ಎಂಬ ಮಾತು ಬೆಳೆಗಾರರಲ್ಲಿ ಸರ್ವೇಸಾಮಾನ್ಯ. ಆದರೆ ತೋಟದಲ್ಲಿರುವುದು ಬೇರೆ, ಅಲ್ಲಿ ಮೈ ದಣಿಸುವುದು ಬೇರೆ. ಮರಗಸಿ ಮಾಡುವವರು, ಕೊನೆ ಇಳಿಸುವವರು, ಗೊಬ್ಬರ ಹೊರುವವರು ದಣಿಯುತ್ತಾರೆ. ನಮ್ಮಲ್ಲಿ ಅನೇಕರು ಜೀಪಿನಲ್ಲೋ ಬೈಕಿನಲ್ಲೋ ಬಂದು, ಕೆಲಸ ಹೇಳಿ, ಕಣದ ಬದಿಯ ಕುರ್ಚಿ ಹಿಡಿಯುತ್ತೇವೆ.

ಲಂಡನ್ನಿನ ಬಸ್ ನೌಕರರ ಕುರಿತು ಡಾ. ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕುಳಿತೇ ಇರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಹೃದಯಕ್ಕೆ ಹೇಳಿದ್ದು ಮಿದುಳಿನ ರಕ್ತನಾಳಗಳಿಗೂ ಸಲ್ಲುತ್ತದೆ. ಭಾರತವೂ ಸೇರಿ 32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನದಂತೆ, ಹತ್ತರಲ್ಲಿ ಸುಮಾರು ಒಂಬತ್ತು ಪಾರ್ಶ್ವವಾಯು ಪ್ರಕರಣಗಳಿಗೆ ನಾವು ತಿದ್ದಿಕೊಳ್ಳಬಹುದಾದ ಕಾರಣಗಳೇ ಮೂಲ. ಅವುಗಳಲ್ಲಿ ಅಧಿಕ ರಕ್ತದೊತ್ತಡ ಮೊದಲನೆಯದು. ಮೈ ದಣಿಸದಿರುವುದೂ ಒಂದು. ಚುರುಕಾದ ನಡಿಗೆಯಿಂದ ರಕ್ತದೊತ್ತಡ ತಗ್ಗುತ್ತದೆ, ಸಕ್ಕರೆ ಹತೋಟಿಗೆ ಬರುತ್ತದೆ, ರಕ್ತನಾಳಗಳು ಬಿರುಸಾಗುವುದು ತಡವಾಗುತ್ತದೆ.

ಈ ಮಾತು ಪೇಟೆಯವರಿಗಿಂತ ನಮಗೆ ಹೆಚ್ಚು ಅಗತ್ಯ. ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸ್ಕ್ಯಾನ್ ಆದ ಮೇಲೆ ಕೊಡಬೇಕು. ಆಷಾಢದ ರಾತ್ರಿ, ಮರ ಬಿದ್ದ ದಾರಿಯಲ್ಲಿ, ಮೂಲೆಯ ತೋಟದಿಂದ ಅಂಥ ಆಸ್ಪತ್ರೆ ಸೇರುವುದು ಸುಲಭವೆ? ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯದೆ ಹೊರಡಲೇಬೇಕು. ಆದರೆ ಆ ರಾತ್ರಿ ಬಾರದಂತೆ ನೋಡಿಕೊಳ್ಳುವುದೇ ಲೇಸು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ವ್ಯಾಯಾಮ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ಬಿರುಸಿನ ನಡಿಗೆ ಸಾಕು. ವಾಹನವನ್ನು ಗೇಟಿನಲ್ಲೇ ಬಿಟ್ಟು ತೋಟದ ಗಡಿಯನ್ನು ಸುತ್ತಿ ಬನ್ನಿ. ಒಣಗಿದ ಮರ, ಒಡೆದ ಪೈಪು ಕಣ್ಣಿಗೆ ಬೀಳುವುದು ಮೇಲಿನ ಲಾಭ. ಮನೆಯ ಹೆಂಗಸರನ್ನೂ ಕರೆದುಕೊಳ್ಳಿ. ಈಗಾಗಲೇ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ ಆರಂಭಿಸಲಿ. ನಡಿಗೆ ಶುರುವಾಯಿತೆಂದು ಮಾತ್ರೆ ಬಿಡುವುದು ಬೇಡ. ಹೊಗೆಸೊಪ್ಪನ್ನು ಮಾತ್ರ ಎಲ್ಲರೂ ಬಿಡುವುದೇ ಒಳಿತು.

ಸಂಘಕ್ಕೂ ಒಂದು ಸಲಹೆ: ಖರೀದಿ ಕೇಂದ್ರದ ತೂಕದ ಯಂತ್ರದ ಪಕ್ಕದಲ್ಲಿ ರಕ್ತದೊತ್ತಡ ನೋಡುವ ಉಪಕರಣವೊಂದನ್ನು ಇರಿಸಬೇಕು. ಪದೇ ಪದೇ 140/90 ದಾಟಿದವರನ್ನು ವೈದ್ಯರ ಬಳಿಗೆ ಕಳುಹಿಸಬೇಕು. ಇದಕ್ಕೆ ಭಾರೀ ವೆಚ್ಚವೇನೂ ಇಲ್ಲ.

ಕೊಳೆರೋಗ ಕಾಣಿಸಿದ ಮೇಲೆ ಬೋರ್ಡೋ ಕಲಸಲು ಹೊರಟವನನ್ನು ನಾವು ಬುದ್ಧಿವಂತನೆನ್ನುವುದಿಲ್ಲ. ಮಳೆಗೆ ಮೊದಲೇ ಸಿಂಪಡಿಸುತ್ತೇವೆ. ಬೆಳೆಗೆ ತೋರುವ ಈ ಮುನ್ನೆಚ್ಚರಿಕೆಯನ್ನು ಬೆಳೆಗಾರ ತನ್ನ ದೇಹಕ್ಕೂ ತೋರಲಿ.